ಭೂದಾಖಲೆಗಳಲ್ಲಿ ಬ್ಲಾಕ್‌ಚೈನ್

ಬ್ಲಾಕ್‌ಚೈನ್ ಎಂಬುದು ಒಂದೇ ದಾಖಲೆಯ ಪ್ರತಿಗಳನ್ನು ಅನೇಕ ಗಣಕಗಳಲ್ಲಿ ಇರಿಸುವ ವ್ಯವಸ್ಥೆ. ಪ್ರತಿ ಕಂತಿನಲ್ಲಿ ಹಿಂದಿನ ಕಂತಿನ ಹ್ಯಾಶ್ ಎಂಬ ಗುರುತು ಸೇರಿರುವುದರಿಂದ, ಹಳೆಯ ನಮೂದನ್ನು ತಿದ್ದಿದರೆ ಸರಪಳಿ ಹೊಂದಿಕೆಯಾಗದೆ ತಿದ್ದುಪಡಿ ಬಯಲಾಗುತ್ತದೆ. ಜಾರ್ಜಿಯಾ ದೇಶವು 2016ರಲ್ಲಿ ಜಮೀನಿನ ನೋಂದಣಿಗೆ ಇದನ್ನು ಬಳಸತೊಡಗಿತು.

ಕರ್ನಾಟಕದಲ್ಲಿ ಇದರ ಪ್ರಸ್ತುತತೆ ಪಹಣಿಯ ಚರಿತ್ರೆಯಿಂದ ತಿಳಿಯುತ್ತದೆ. ನಂಜನಗೂಡು, ತಿರುಮಕೂಡಲು ನರಸೀಪುರ ಮೊದಲಾದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗಳು ಗ್ರಾಮಲೆಕ್ಕಿಗರ ವಶದಲ್ಲಿದ್ದವು. ಪ್ರತಿ ಬೇಕಾದ ರೈತನು ಅವರನ್ನೇ ಹುಡುಕಿಕೊಂಡು ಹೋಗಬೇಕಿತ್ತು; ಒಂದು ಸಾಲು ಬದಲಾದರೆ ಉಳಿದವರಿಗೆ ತಿಳಿಯುವುದು ದುರ್ಲಭವಾಗಿತ್ತು. ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಅವು ದೊರೆಯುವಂತೆ ಮಾಡಿತು. ನಮೂದು ಬದಲಿಸುವ ಸಿಬ್ಬಂದಿ ಬೆರಳಚ್ಚು ನೀಡಲೇಬೇಕೆಂಬುದು ಅದರ ಮುಖ್ಯ ಸುಧಾರಣೆ ಎನ್ನಬಹುದು. ಆದರೂ ಮೂಲ ದತ್ತಾಂಶವು ಸರ್ಕಾರದ ಗಣಕದಲ್ಲಿಯೇ ಇರುತ್ತದೆ. ಬ್ಲಾಕ್‌ಚೈನ್ ಅದಕ್ಕೆ ಹೊರಗಿನ ಸಾಕ್ಷಿಯನ್ನು ಒದಗಿಸಬಲ್ಲದು.

ಆದರೆ ದಾಖಲಾದುದು ನಿಜವೇ ಎಂಬುದನ್ನು ಈ ತಂತ್ರಜ್ಞಾನ ಪರೀಕ್ಷಿಸದು. ತೀರಿಕೊಂಡ ಅಜ್ಜನ ಹೆಸರಿನ ಜಮೀನು ಪೌತಿ ಖಾತೆಯಾಗುವವರೆಗೆ ಹಾಗೆಯೇ ಉಳಿಯುತ್ತದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿದ್ದರೂ, ಅವರನ್ನು ಬಿಟ್ಟು ಬರೆದ ವಂಶವೃಕ್ಷವೂ ಸರಪಳಿಗೆ ಸೇರಬಹುದು. ಆಗಲೂ ಬಾಧಿತರು ಉಪವಿಭಾಗಾಧಿಕಾರಿಗೇ ಮೇಲ್ಮನವಿ ಸಲ್ಲಿಸಬೇಕು. ಅವರ ಆದೇಶವು ಹಳೆಯ ನಮೂದನ್ನು ಅಳಿಸದೆ, ಅದರ ಮುಂದೆ ಹೊಸ ಕಂತಾಗಿ ಸೇರುತ್ತದೆ.