ಕೋಲಾರದ ಗಣಿಯೂ ಕಾವೇರಿಯ ಜಲಾಶಯವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ವರ್ಷವಿಡೀ ಹರಿಯುವ ನದಿ ಮಾತ್ರ ಒಂದೂ ಇಲ್ಲ. ಆದರೂ ಮೈಸೂರು ಸಂಸ್ಥಾನದ ಜಲವಿದ್ಯುತ್ತಿನ ಚರಿತ್ರೆ ಆರಂಭವಾದುದು ಈ ಜಿಲ್ಲೆಯ ಬೇಡಿಕೆಯಿಂದಲೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಯೋಜನೆಯ ಪ್ರಥಮ ಗ್ರಾಹಕ ಕೋಲಾರ ಚಿನ್ನದ ಗಣಿ. 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ತಂತಿಮಾರ್ಗದ ಮೂಲಕ ವಿದ್ಯುತ್ತು ಗಣಿಯನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು 1905ರಲ್ಲಿ!

ಆದರೆ ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತದೆ. ಗಣಿಗಾದರೋ ಋತುಭೇದವಿಲ್ಲ. ಆಳದ ನೀರನ್ನು ಮೇಲೆತ್ತುವುದು, ಗಾಳಿ ಒದಗಿಸುವುದು, ಕಾರ್ಮಿಕರನ್ನೂ ಅದಿರನ್ನೂ ಸಾಗಿಸುವುದು ಒಂದು ದಿನವೂ ನಿಲ್ಲುವಂತಿರಲಿಲ್ಲ. ಪ್ರವಾಹದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವ ಜಲಾಶಯವೇ ಇದಕ್ಕೆ ಪರಿಹಾರವೆಂದು ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯನವರು ವಾದಿಸಿದರು. ಗಣಿಗೆ ಮಾರುವ ವಿದ್ಯುತ್ತಿನ ಆದಾಯವೂ ಅವರ ವಾದಕ್ಕೆ ಬಲ ನೀಡಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾಮಗಾರಿ ಆರಂಭವಾಯಿತು. ಮದರಾಸಿನೊಡನೆ ಉಂಟಾದ ವಿವಾದ 1924ರ ಒಪ್ಪಂದದವರೆಗೂ ಎಳೆಯಿತು. ಇಂದು 124.80 ಅಡಿಗಳ ಪೂರ್ಣಮಟ್ಟದಲ್ಲಿ ಸುಮಾರು 49 ಟಿ.ಎಂ.ಸಿ. ನೀರು ಹಿಡಿಯುವ ಕೃಷ್ಣರಾಜಸಾಗರವನ್ನು ಜನರು ಮಂಡ್ಯದ ಕಬ್ಬು, ಬತ್ತಗಳೊಡನೆ ನೆನೆಯುತ್ತಾರೆ. ಗಣಿಯ ಪಾತ್ರ ಬಹುಮಟ್ಟಿಗೆ ಮರೆತುಹೋಗಿದೆ.

ಗಣಿಗೆ ಬೇಕಾದ ವಿದ್ಯುತ್ತು ಕಟ್ಟೆಯ ಬಳಿ ತಯಾರಾಗುತ್ತಿರಲಿಲ್ಲ. ಅಲ್ಲಿ ಬಿಟ್ಟ ನೀರು ನದಿಯಲ್ಲೇ ಹರಿದು ಶಿವನಸಮುದ್ರದ ಯಂತ್ರಗಳನ್ನು ತಿರುಗಿಸುತ್ತಿತ್ತು. ಅಂದರೆ ಕಟ್ಟೆಯಿಂದ ದೊರೆತದ್ದು ಶಕ್ತಿಗಿಂತ ಹೆಚ್ಚಾಗಿ ಕಾಲಾವಕಾಶ: ಆಗಸ್ಟ್ ತಿಂಗಳ ನೀರು ಏಪ್ರಿಲ್‌ನಲ್ಲಿ ಒದಗುತ್ತಿತ್ತು.

ಗಣಿ 2001ರಲ್ಲಿ ಮುಚ್ಚಿತು. ಈಗ ಜಿಲ್ಲೆಗೆ ವಿದ್ಯುತ್ತು ಬರುವುದು ರಾಜ್ಯದ ಜಾಲದಿಂದ. ಅದರಲ್ಲಿ ಉಷ್ಣ ಸ್ಥಾವರ, ಸೌರಶಕ್ತಿ, ಪವನಶಕ್ತಿಗಳ ಪಾಲೂ ಇದೆ. ಆದರೂ ಸೂರ್ಯ ಮುಳುಗಿ ಬೇಡಿಕೆ ಏರುವ ಸಂಜೆ, ನಿಮಿಷಗಳಲ್ಲಿ ಉತ್ಪಾದನೆ ಹೆಚ್ಚಿಸಲು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳೇ ನೆರವಾಗುತ್ತವೆ. ಅದರ ನೀರಿನ ಆಸರೆ ಲಿಂಗನಮಕ್ಕಿ.

ಶ್ರೀನಿವಾಸಪುರದ ಮಾವು ಮಾರುಕಟ್ಟೆಗೆ ಬರುವುದು ಮೇ, ಜೂನ್ ತಿಂಗಳುಗಳಲ್ಲಿ, ಅಂದರೆ ಜಲಾಶಯಗಳು ಅತ್ಯಂತ ಕೆಳಮಟ್ಟದಲ್ಲಿರುವಾಗ. ಕೊಳವೆಬಾವಿಗಳ ಪಂಪುಗಳೂ ಶೀತಲಗೃಹಗಳೂ ಹೆಚ್ಚು ವಿದ್ಯುತ್ ಕೇಳುವುದು ಬೇಸಿಗೆಯಲ್ಲೇ. ಆದ್ದರಿಂದ ಲಿಂಗನಮಕ್ಕಿಯ ಮಟ್ಟ ಮಲೆನಾಡಿನವರ ಸುದ್ದಿ ಮಾತ್ರವಲ್ಲ. ಅದರ ಪೂರ್ಣಮಟ್ಟ 1819 ಅಡಿ. ಮಳೆಗಾಲ ಮುಗಿದ ಮೇಲೆ ನೀರು ಅದಕ್ಕಿಂತ ಎಷ್ಟು ಕೆಳಗಿದೆ ಎಂಬುದನ್ನು ಪತ್ರಿಕೆಯಲ್ಲಿ ನೋಡಿಕೊಂಡರೆ, ಮುಂದಿನ ಹಂಗಾಮಿಗೆ ಎಷ್ಟು ಡೀಸೆಲ್ ಬೇಕಾದೀತೆಂಬ ಲೆಕ್ಕವನ್ನು ಉದ್ಯಮಿಗಳು ನವೆಂಬರ್‌ನಲ್ಲೇ ಹಾಕತೊಡಗಬಹುದು.