ದೇವನಹಳ್ಳಿಯ ಗಾಳಿ ಹೇಳಿದಂತೆ

ಜನವರಿಯ ಬೆಳಗಿನ ಜಾವ, ನಾಲ್ಕೂವರೆ ಗಂಟೆ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸು ಯಲಹಂಕ ದಾಟುತ್ತಿದ್ದಂತೆ ಮಂಜು ಕವಿಯಿತು. ಸಾದಹಳ್ಳಿ ಟೋಲ್ ಬರುವ ಹೊತ್ತಿಗೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣಲಿಲ್ಲ. ನಾನು ತಂಗಿಯನ್ನು ಕರೆತರಲು ಹೊರಟಿದ್ದೆ. ಪಕ್ಕದಲ್ಲಿ ಕುಳಿತಿದ್ದ ದೊಡ್ಡಬಳ್ಳಾಪುರ ಕಡೆಯ ಹಿರಿಯರೊಬ್ಬರು ದುಬೈನಿಂದ ಬರುವ ಮಗನನ್ನು ಎದುರುಗೊಳ್ಳಲು ಹೊರಟಿದ್ದರು. ಕಿಟಕಿಯ ಗಾಜನ್ನು ಟವೆಲಿನಲ್ಲಿ ಒರೆಸುತ್ತಾ ಹೇಳಿದರು: “ಅವರೆಗೆ ಈ ಮಂಜು ಬೇಕು ಸ್ವಾಮಿ, ಇಲ್ದಿದ್ರೆ ಸೊಗಡೇ ಬರಲ್ಲ. ಆದ್ರೆ ವಿಮಾನ ಹೆಂಗೆ ಇಳೀತದೆ?”

ಅವರ ಪ್ರಶ್ನೆಯನ್ನೇ ಹಿಡಿದು ಹೋದರೆ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಒಳಗುಟ್ಟು ತಿಳಿಯುತ್ತದೆ. ಗಾಜು, ಉಕ್ಕು, ಕಂಪ್ಯೂಟರುಗಳ ಈ ಊರು ಇವತ್ತಿಗೂ ನಡೆಯುವುದು ದೇವನಹಳ್ಳಿಯ ಗಾಳಿ, ಮಂಜು, ಮಣ್ಣಿನ ಮಾತು ಕೇಳಿಕೊಂಡೇ.

ಗಾಳಿಯಿಂದಲೇ ಶುರು ಮಾಡೋಣ. ಇಲ್ಲಿನ ಎರಡು ರನ್‌ವೇಗಳೂ ಪೂರ್ವ–ಪಶ್ಚಿಮವಾಗಿ ಮಲಗಿವೆ. ಕಾರಣ ಸರಳ. ಈ ಬಯಲಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಗಾಳಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರುಗಾಳಿ ಇದ್ದಷ್ಟೂ ರೆಕ್ಕೆ ಬೇಗ ಎತ್ತಿಕೊಳ್ಳುತ್ತದೆ. ಹಾಗಾಗಿ ಆಷಾಢದಲ್ಲಿ ಸಾಮಾನ್ಯವಾಗಿ ಪಶ್ಚಿಮಕ್ಕೆ ಮುಖಮಾಡಿ ಹಾರುವ ವಿಮಾನಗಳು ಪುಷ್ಯಮಾಸದಲ್ಲಿ ಪೂರ್ವಕ್ಕೆ ತಿರುಗಿ ನಿಲ್ಲುತ್ತವೆ. ರನ್‌ವೇ ತುದಿಯಲ್ಲಿ ದೊಡ್ಡದಾಗಿ ಬರೆದಿರುವ 09, 27 ಎಂಬ ಅಂಕಿಗಳು ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳ ಸಂಕ್ಷೇಪ. ರಾಗಿ ತೂರುವ ರೈತ ಕಣದಲ್ಲಿ ಮೊದಲು ನೋಡುವುದನ್ನೇ ಕಂಟ್ರೋಲ್ ಟವರಿನವರೂ ಮೊದಲು ನೋಡುತ್ತಾರೆ.

ಎರಡೂ ರನ್‌ವೇಗಳು ತಲಾ 4,000 ಮೀಟರ್, ಅಂದರೆ ನಾಲ್ಕು ಕಿಲೋಮೀಟರ್ ಉದ್ದ. ಬಯಲು ಸೀಮೆಯ ಈ ನೆಲ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಲ್ಲಿ ಗಾಳಿ ತುಸು ತೆಳು. ಇಂಧನ ತುಂಬಿಕೊಂಡ ದೊಡ್ಡ ವಿಮಾನ ಕಡಲತಡಿಯಲ್ಲಿ ಓಡುವುದಕ್ಕಿಂತ ಹೆಚ್ಚು ದೂರ ಇಲ್ಲಿ ಓಡಬೇಕು. ಆ ಓಟಕ್ಕೆ ಬೇಕಾದ ಉದ್ದ ಇದ್ದುದರಿಂದಲೇ ಬೆಂಗಳೂರು ದೂರದ ಖಂಡಗಳಿಗೆ ನೇರವಾಗಿ ಕೈಚಾಚಿತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಹಾರಿ ಇಲ್ಲಿಗೆ ಬಂದಿಳಿದಾಗ, ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ. ತಂಡದ ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್.

ಇನ್ನು ಮಂಜು. 2008ರ ಮೇ 24ರಂದು ನಿಲ್ದಾಣ ತೆರೆದು, ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ಇಲ್ಲಿಗೆ ಬಂದ ಮೇಲೆ ಚಳಿಗಾಲದ ಬೆಳಗುಗಳು ಪೈಲಟ್‌ಗಳಿಗೂ ಪ್ರಯಾಣಿಕರಿಗೂ ಪರೀಕ್ಷೆಯೇ ಆಗಿದ್ದವು. ಆಗ ಇಳಿಯಲು ರನ್‌ವೇ ಮೇಲೆ 550 ಮೀಟರ್ ದೂರ ಕಾಣಬೇಕಿತ್ತು. ಕಾಣದಿದ್ದರೆ ವಿಮಾನ ಆಕಾಶದಲ್ಲೇ ಸುತ್ತು ಹಾಕಬೇಕು, ಇಲ್ಲವೇ ಬೇರೆ ಊರಿಗೆ ಹೋಗಬೇಕು. 2019ರ ಡಿಸೆಂಬರಿನಲ್ಲಿ ಶುರುವಾದ ದಕ್ಷಿಣದ ರನ್‌ವೇಯನ್ನು ಕ್ಯಾಟ್–3ಬಿ ದರ್ಜೆಗೆ ಸಜ್ಜುಗೊಳಿಸಲಾಯಿತು. ದಕ್ಷಿಣ ಭಾರತಕ್ಕೆ ಇದು ಮೊದಲು. ನೆಲದಿಂದ ಹೊಮ್ಮುವ ರೇಡಿಯೊ ಅಲೆಗಳು ವಿಮಾನಕ್ಕೆ ಇಳಿಜಾರನ್ನೂ ನಡುಗೆರೆಯನ್ನೂ ತೋರಿಸುತ್ತವೆ. ರನ್‌ವೇ ಉದ್ದಕ್ಕೂ ಸಾಲು ದೀಪಗಳು ದಾರಿ ತೋರುತ್ತವೆ. ಈಗ 50 ಮೀಟರ್ ಕಂಡರೂ ಇಳಿಯಬಹುದು, 125 ಮೀಟರ್ ಕಂಡರೆ ಏರಬಹುದು. ಆದರೆ ವಿಮಾನದಲ್ಲೂ ಅದಕ್ಕೆ ತಕ್ಕ ಉಪಕರಣ ಇರಬೇಕು, ಪೈಲಟ್‌ಗೆ ಅದರಲ್ಲಿ ತರಬೇತಿ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಮಂಜು ಕರಗುವವರೆಗೆ ಕಾಯುವುದೇ ಗತಿ.

ಮಣ್ಣಿನ ಋಣ ಎಲ್ಲಕ್ಕಿಂತ ದೊಡ್ಡದು. ಸುಮಾರು 4,000 ಎಕರೆಯ ಈ ಹರವು ಒಂದು ಕಾಲಕ್ಕೆ ಬಹುಪಾಲು ಬೇಸಾಯದ ಸೀಮೆ. ದ್ರಾಕ್ಷಿ, ರಾಗಿ, ಭೌಗೋಳಿಕ ಸೂಚಕ ಪಡೆದ ದೇವನಹಳ್ಳಿ ಚಕ್ಕೋತದ ನಾಡು. ಆ ನೆಲ ಬಿಟ್ಟುಕೊಟ್ಟವರನ್ನು ನೆನೆಯದೆ ಈ ನಿಲ್ದಾಣದ ಬಗ್ಗೆ ಹೊಗಳಿ ಬರೆಯುವುದು ತಪ್ಪು. 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಕಂಚಿನ ಪ್ರತಿಮೆಗೂ ನಾಡಿನ ಊರೂರಿನಿಂದ ಮೃತ್ತಿಕೆ ಸಂಗ್ರಹಿಸಿ ತಂದಿದ್ದರು. ಶಿಲ್ಪಿ ರಾಮ್ ಸುತಾರ್ ಅವರ ಕೈಚಳಕ ಅದು.

ಸುತ್ತಲಿನ ಬೇಸಾಯ ಇಲ್ಲಿಂದ ಪೂರ್ತಿ ದೂರ ಸರಿದಿಲ್ಲ. ಪ್ರಯಾಣಿಕರ ಕಣ್ಣಿಗೆ ಬೀಳದ ಸರಕು ಶೆಡ್ಡುಗಳಿಗೆ ರಾತ್ರಿಯಿಡೀ ಲಾರಿಗಳು ಬರುತ್ತವೆ. ಪಾಲಿಹೌಸ್‌ಗಳಲ್ಲಿ ಬೆಳೆದ ಗುಲಾಬಿ, ಕೊತ್ತಂಬರಿ, ಕರಿಬೇವು, ನುಗ್ಗೆ, ಹಂಗಾಮಿನಲ್ಲಿ ಮಾವು. ಬೇಗ ಕೆಡುವ ಸರಕಿನ ರಫ್ತಿನಲ್ಲಿ ಈ ನಿಲ್ದಾಣ ದೇಶದ ಮುಂಚೂಣಿಯಲ್ಲಿದೆ. ಕೊಯ್ದ ಗುಲಾಬಿಗೆ ತಂಪು ತಪ್ಪಬಾರದು. ತೋಟದ ಶೀತಲ ಕೋಣೆಯಿಂದ ಲಾರಿಗೆ, ಲಾರಿಯಿಂದ ನಿಲ್ದಾಣದ ಶೀತಲಗೃಹಕ್ಕೆ, ಅಲ್ಲಿಂದ ವಿಮಾನದ ಹೊಟ್ಟೆಗೆ. ಎಲ್ಲೋ ಒಂದು ಗಂಟೆ ಬಿಸಿಲಿಗೆ ಬಿದ್ದರೂ ಪರದೇಶದ ಅಂಗಡಿಯಲ್ಲಿ ಎಸಳು ಉದುರುತ್ತದೆ. ಮೇಲಿನ ಸೀಟಿನಲ್ಲಿ ಕೂತವರಿಗೆ ತಮ್ಮ ಕಾಲ ಕೆಳಗೆ ಕೊತ್ತಂಬರಿ ಸೊಪ್ಪೂ ಪ್ರಯಾಣ ಮಾಡುತ್ತಿದೆ ಎಂಬ ಅರಿವು ಇರುವುದಿಲ್ಲ.

ಎರಡನೇ ಟರ್ಮಿನಲ್‌ನಲ್ಲಿ ಮಾತ್ರ ಹಸಿರು ಎದುರಿಗೇ ನಿಂತು ಮಾತಾಡಿಸುತ್ತದೆ. ವರ್ಷಕ್ಕೆ ಎರಡೂವರೆ ಕೋಟಿ ಪ್ರಯಾಣಿಕರಿಗೆಂದು ಕಟ್ಟಿದ ಇದರಲ್ಲಿ 2023ರ ಜನವರಿಯಲ್ಲಿ ದೇಶೀಯ ವಿಮಾನ ಸೇವೆ, ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಸೇವೆ ಆರಂಭವಾಯಿತು. ಕಳೆದ ಪ್ರಯಾಣದಲ್ಲಿ ನಾನು ಒಳಗೆ ಕಾಲಿಟ್ಟು ತಲೆಯೆತ್ತಿದಾಗ ಕಂಡದ್ದು ಬಿದಿರಿನ ಪಟ್ಟಿಗಳ ಚಾವಣಿ. ಆ ಸಂದುಗಳಿಂದ ಸೋಸಿ ಬಂದ ಬೆಳಕು ನೆಲದಲ್ಲಿ ಕಡ್ಡಿಕಡ್ಡಿಯಾಗಿ ಬಿದ್ದಿತ್ತು, ಬಿದಿರಮೆಳೆಯ ಕೆಳಗೆ ನಿಂತ ಹಾಗೆ. ಮೇಲಿನಿಂದ ಗಂಟೆಯಾಕಾರದ ತೂಗುತೋಟಗಳು. ಟರ್ಮಿನಲ್‌ಗೂ ವಿಮಾನ ಹತ್ತುವ ಗೇಟುಗಳಿಗೂ ನಡುವೆ ಒಂದು ತೋಪು. ಈ ಟರ್ಮಿನಲ್ಲಿನ ಒಳಾಂಗಣಕ್ಕೆ 2023ರಲ್ಲಿ ಪ್ರಿ ವರ್ಸೈ ಪ್ರಶಸ್ತಿಯೂ ಬಂತು.

ಅಷ್ಟು ಚೆಂದದ ಚಾವಣಿಯ ಕೆಳಗೂ ನನ್ನ ಕಣ್ಣು ಹಿಡಿದು ನಿಲ್ಲಿಸಿದ್ದು ಚೆಕ್–ಇನ್ ಕೌಂಟರಿನ ಮುಂದಿನ ನೆಲ. ಒಬ್ಬ ತಾಯಿ ಸೂಟ್‌ಕೇಸು ಬಿಚ್ಚಿ ಕುಳಿತಿದ್ದರು. ತೂಕ ಎರಡು ಕೆಜಿ ಹೆಚ್ಚು. ಮಗಳು ಸ್ವೆಟರ್ ತೆಗೆದು ತೊಟ್ಟುಕೊಂಡಳು, ಪುಸ್ತಕಗಳನ್ನು ಕೈಚೀಲಕ್ಕೆ ಹಾಕಿಕೊಂಡಳು. ತಾಯಿ ಮಾತ್ರ ಚಟ್ನಿಪುಡಿಯ ಡಬ್ಬಿ, ಹಪ್ಪಳದ ಕಟ್ಟು, ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ ಉಪ್ಪಿನಕಾಯಿಗೆ ಕೈ ತಾಗಿಸಲು ಬಿಡಲಿಲ್ಲ. ಮತ್ತೆ ತೂಗಿದಾಗ ಸರಿಹೋಯಿತು. 2024–25ರಲ್ಲಿ ಈ ನಿಲ್ದಾಣದ ಮೂಲಕ ಓಡಾಡಿದವರು ಸುಮಾರು 4.19 ಕೋಟಿ. ಅವರಲ್ಲಿ ಎಷ್ಟು ಮಂದಿಯ ಪೆಟ್ಟಿಗೆಯಲ್ಲಿ ಇಂಥ ಡಬ್ಬಿ ಇತ್ತೋ!

ಆ ಜನವರಿಯ ಬೆಳಿಗ್ಗೆ ಬೋರ್ಡಿನಲ್ಲಿ ದುಬೈ ವಿಮಾನ ಇಳಿದ ಸುದ್ದಿ ಬಂದಾಗ ಹೊರಗೆ ಇನ್ನೂ ಮಂಜು ಕರಗಿರಲಿಲ್ಲ. ಹಿರಿಯರಿಗೆ ನಂಬಿಕೆ ಬರಲಿಲ್ಲ. ನನ್ನಿಂದ ಇನ್ನೊಮ್ಮೆ ಓದಿಸಿಕೊಂಡರು. ಮುಕ್ಕಾಲು ಗಂಟೆಯ ಮೇಲೆ ಮಗ ಟ್ರಾಲಿ ತಳ್ಳಿಕೊಂಡು ಬಂದು ಕಾಲಿಗೆ ಬಾಗಿದ. ತಂದೆ ಅವನ ಭುಜ ಹಿಡಿದು ಎತ್ತಿ, ಗಾಜಿನಾಚೆಯ ಬಿಳುಪನ್ನು ತೋರಿಸಿದರು.

“ಈ ವರ್ಷ ಅವರೆ ಚೆನ್ನಾಗೈತೆ ಕಣಪ್ಪ. ನಡಿ, ನಿಮ್ಮವ್ವ ಸುಲಿತಾ ಕೂತವ್ಳೆ.”