ಮುಂಬಯಿಯ ನೆಲದ ಏರುತಗ್ಗುಗಳು

ಮುಂಬಯಿ ನಗರವು ಸಮುದ್ರಮಟ್ಟದಿಂದ ಸರಾಸರಿ 14 ಮೀಟರುಗಳಷ್ಟು ಎತ್ತರದಲ್ಲಿದೆಯೆಂದು ಭೂಗೋಳದ ಗ್ರಂಥಗಳು ಸಾಮಾನ್ಯವಾಗಿ ಹೇಳುತ್ತವೆ. ಈ ಅಂಕೆ ಸುಳ್ಳಲ್ಲ. ಆದರೆ ಇದೊಂದನ್ನೇ ನಂಬಿ ನಗರದ ನೆಲದ ಸ್ವರೂಪವನ್ನು ಅರಿಯಹೊರಟವರು ಮೋಸಹೋಗುವರು. ಮಲಬಾರ್ ಗುಡ್ಡದ ನೆತ್ತಿ ಸುಮಾರು 50 ಮೀಟರ್ ಎತ್ತರದಲ್ಲಿದೆ. ಉತ್ತರಕ್ಕೆ ಸಾಷ್ಟಿಯ ಬೆಟ್ಟಗಳ ಶಿಖರವು 450 ಮೀಟರುಗಳನ್ನು ಮುಟ್ಟುತ್ತದೆ. ದ್ವೀಪನಗರದ ನಡುವಣ ಹಳೆಯ ತಗ್ಗುನೆಲಗಳಲ್ಲಿ ಕೆಲವಾದರೋ ದೊಡ್ಡ ಭರತದ ನೀರಿಗೆ ಸಮನಾಗಿಯೋ ಅದಕ್ಕೂ ಕೆಳಗಾಗಿಯೋ ಇವೆ. ಸರಾಸರಿಯೆಂಬುದು ಬೆಟ್ಟವನ್ನೂ ತಗ್ಗನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡನ್ನೂ ಮರೆಮಾಡುತ್ತದೆ.

ಎತ್ತರವನ್ನು ಯಾವ ಮಟ್ಟದಿಂದ ಅಳೆಯಬೇಕೆಂಬುದು ಮೊದಲು ವಿಚಾರಿಸತಕ್ಕ ಸಂಗತಿ. ಭಾರತದ ಸರ್ವೇಕ್ಷಣ ಇಲಾಖೆಯು ದೇಶದ ಎತ್ತರಗಳಿಗೆಲ್ಲ ಆಧಾರವಾಗಿ 1909ರಲ್ಲಿ ಸ್ವೀಕರಿಸಿದ ಸಮುದ್ರಮಟ್ಟವು ಒಂಬತ್ತು ಬಂದರುಗಳಲ್ಲಿ ನಡೆಸಿದ ಅಳತೆಗಳನ್ನು ಅವಲಂಬಿಸಿದೆ. ಅವುಗಳಲ್ಲಿ ಮುಂಬಯಿಯ ಅಪೋಲೋ ಬಂದರವೂ ಒಂದು, ನಮ್ಮ ಕಾರವಾರವೂ ಒಂದು. ಆದರೆ ಈ ಸಮುದ್ರಮಟ್ಟವು ದೀರ್ಘಕಾಲದ ಸರಾಸರಿ ಮಾತ್ರ. ನಿಜವಾದ ಕಡಲು ದಿನಕ್ಕೆರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಮಳೆಗಾಲದಲ್ಲಿ ವೃತ್ತಪತ್ರಿಕೆಗಳು ‘ಇಂದು ನಾಲ್ಕೂವರೆ ಮೀಟರಿನ ಭರತ’ ಎಂದು ಎಚ್ಚರಿಸುವುದುಂಟು. ಆ ಅಂಕೆಯನ್ನು ಅಳೆಯುವುದು ಸರಾಸರಿ ಸಮುದ್ರಮಟ್ಟದಿಂದಲ್ಲ. ನಾವಿಕರ ನಕ್ಷೆಗಳಿಗೆ ಆಧಾರವಾದ, ಇಳಿತದ ಬಹು ಕೆಳಗಣ ಮಟ್ಟದಿಂದ. ಮುಂಬಯಿಯಲ್ಲಿ ಸರಾಸರಿ ಸಮುದ್ರಮಟ್ಟವು ಈ ಆಧಾರಮಟ್ಟಕ್ಕಿಂತ ಸುಮಾರು ಎರಡೂವರೆ ಮೀಟರ್ ಮೇಲಿದೆ. ಆದುದರಿಂದ ಅಂತಹ ಭರತದ ದಿನ ಕಡಲು ತನ್ನ ಸರಾಸರಿಗಿಂತ ಎರಡು ಮೀಟರುಗಳಷ್ಟು ಮೇಲೇರಿರುತ್ತದೆ. ಭೂಪಟದಲ್ಲಿ ಮೂರು ಮೀಟರ್ ಎತ್ತರವೆಂದು ಕಾಣಿಸುವ ಬೀದಿ ಆ ಗಳಿಗೆಯಲ್ಲಿ ನೀರಿನಿಂದ ಕೇವಲ ಒಂದು ಮೀಟರ್ ಮೇಲಿರುತ್ತದೆ.

ನಗರದ ಅಡಿಗಲ್ಲು ದಖ್ಖಣದ ಕರಿಶಿಲೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಹೊರಹೊಮ್ಮಿದ ಲಾವಾರಸವು ಪದರಪದರವಾಗಿ ಹರಡಿ ಹೆಪ್ಪುಗಟ್ಟಿತು. ವಿಜಾಪುರ, ಕಲಬುರ್ಗಿ, ಬೆಳಗಾವಿ ಸೀಮೆಗಳ ಎರೆಮಣ್ಣಿಗೂ ಇದೇ ಶಿಲೆ ತಾಯಿ. ಅಂಧೇರಿಯಲ್ಲಿ ಸುಮಾರು 60 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿರುವ ಗಿಲ್ಬರ್ಟ್ ಗುಡ್ಡದಲ್ಲಿ ಈ ಶಿಲೆ ಕಂಬಗಳ ರೂಪವನ್ನು ತಾಳಿದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಶಿಲಾಸ್ತಂಭಗಳನ್ನು ಕಂಡವರಿಗೆ ಇದು ಪರಿಚಿತ ನೋಟವೇ. ಆದರೆ ಅಲ್ಲಿಯ ಲಾವಾ ಇದಕ್ಕಿಂತ ಪ್ರಾಚೀನವಾದುದು. ಎರಡು ಲಾವಾಪ್ರವಾಹಗಳ ನಡುವಣ ಅವಧಿಯಲ್ಲಿ ಇಲ್ಲಿ ಸಿಹಿನೀರಿನ ಕೊಳಗಳಿದ್ದುವೆಂಬುದಕ್ಕೆ ವರಳಿಯ ಗುಡ್ಡದಲ್ಲಿ ದೊರೆತ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳು ಸಾಕ್ಷಿಯಾಗಿವೆ. ನೆಲವು ಎಂದೂ ಒಂದೇ ಮಟ್ಟದಲ್ಲಿ ನಿಂತುದಲ್ಲ. 1880ರಲ್ಲಿ ತೆರೆದ ಪ್ರಿನ್ಸಸ್ ಡಾಕ್ ಎಂಬ ಹಡಗುಕಟ್ಟೆಗಾಗಿ ಅಗೆಯುತ್ತಿದ್ದಾಗ, ಇಳಿತದ ಮಟ್ಟಕ್ಕೂ ಕೆಳಗೆ, ಬೇರುಸಹಿತ ನಿಂತಿದ್ದ ಖೈರದ ಮರಗಳ ಬೊಡ್ಡೆಗಳು ದೊರೆತುವು. ಒಂದು ಕಾಲದಲ್ಲಿ ಒಣನೆಲವಾಗಿದ್ದ ಮೂಡಣ ಅಂಚು ಮುಳುಗಿತೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಶಿಲಾಪದರಗಳು ಪಡುವಣಕ್ಕೆ ಓರೆಯಾಗಿ ಬಾಗಿವೆ. ಗಟ್ಟಿಯಾದ ಪದರಗಳು ಸವೆಯದೆ ದಿಣ್ಣೆಗಳಾಗಿ ಉಳಿದುವು. ಮೆದುವಾದುವು ಸವೆದು ತಗ್ಗುಗಳಾದುವು. ಹೀಗೆ ದ್ವೀಪನಗರದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಎರಡು ಸಾಲುಗಳು ಏರ್ಪಟ್ಟಿವೆ. ಪಡುವಣ ಸಾಲು ವರಳಿಯಿಂದ ಮಲಬಾರ್ ಗುಡ್ಡದ ತುದಿಯವರೆಗೆ, ಮೂಡಣ ಸಾಲು ಶೀವ್, ಶಿವಡಿ, ಮಜಗಾಂವ್, ಡೋಂಗ್ರಿಗಳ ಮೂಲಕ ಕೊಲಾಬಾದವರೆಗೆ ಸಾಗುತ್ತವೆ. ಇವೆರಡರ ನಡುವೆ ಕಡಲು ಒಳನುಗ್ಗುತ್ತಿತ್ತು. ನೀರಿನ ಮೇಲೆ ಕಾಣುತ್ತಿದ್ದ ಭಾಗಗಳೇ ಕೊಲಾಬಾ, ಕಿರಿಯ ಕೊಲಾಬಾ, ಮುಂಬಯಿ, ಮಜಗಾಂವ್, ಪರೇಲ್, ವರಳಿ, ಮಾಹೀಮ್ ಎಂಬ ಏಳು ದ್ವೀಪಗಳು. 1661ರ ವಿವಾಹದ ಒಪ್ಪಂದದಿಂದ ಪೋರ್ತುಗೀಜರು ಇಂಗ್ಲೆಂಡಿನ ದೊರೆಗೆ ಬಿಟ್ಟುಕೊಟ್ಟು, 1668ರಲ್ಲಿ ವರ್ಷಕ್ಕೆ ಹತ್ತು ಪೌಂಡುಗಳ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದು ಈ ಚದುರಿದ ನೆಲವೇ.

ಮುಂದಿನ ಕಥೆ ಕಡಲಿಗೆ ಒಡ್ಡು ಕಟ್ಟಿದ ಕಥೆ. 1771ರಿಂದ 1784ರವರೆಗೆ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರಿನ ಒಡ್ಡು ಮಹಾಲಕ್ಷ್ಮಿ ವರಳಿಗಳ ನಡುವಣ ದೊಡ್ಡ ಕಂಡಿಯನ್ನು ಮುಚ್ಚಿತು. 1803ರಲ್ಲಿ ಶೀವ್ ಸೇತುಮಾರ್ಗವೂ, 1838ರಲ್ಲಿ ಕೊಲಾಬಾದ ದಾರಿಯೂ, ಜಮಶೇಟಜೀ ಜೀಜೀಭಾಯಿಯವರ ಪತ್ನಿಯ ದಾನದಿಂದ 1845ರಲ್ಲಿ ಮಾಹೀಮಿನ ಸೇತುಮಾರ್ಗವೂ ಸಿದ್ಧವಾದುವು. ಒಡ್ಡಿನಿಂದ ಕಡಲು ಹೊರಗುಳಿಯಿತೇ ಹೊರತು ಒಳಗಣ ನೆಲ ಎತ್ತರವಾಗಲಿಲ್ಲ. ಗುಡ್ಡಗಳನ್ನು ಕಡಿದ ಮಣ್ಣುಕಲ್ಲು, ಊರಿನ ಕಸ ಇವುಗಳಿಂದ ಆ ಜೌಗುಭೂಮಿಯನ್ನು ಮೆಲ್ಲನೆ ತುಂಬಿದರು. ಕಾಮಾಠಿಪುರದಂತಹ ಪೇಟೆಗಳು ಎದ್ದುದು ಇಂತಹ ನೆಲದಲ್ಲಿ. ಕಡಲು ಹೋದರೂ ಹೆಸರುಗಳು ಉಳಿದಿವೆ: ಪಾಯಧುನಿಯೆಂದರೆ ಖಾಡಿಯನ್ನು ದಾಟಿ ಬಂದವರು ಕಾಲು ತೊಳೆಯುತ್ತಿದ್ದ ತಾಣ, ಉಮರಖಾಡಿ ಅತ್ತಿಯ ಮರದ ಖಾಡಿ, ಡೋಂಗ್ರಿ ಗುಡ್ಡ, ಶೀವ್ ಎಂದರೆ ಎಲ್ಲೆ.

ಉತ್ತರದ ಸಾಷ್ಟಿಯ ಸ್ಥಿತಿ ಬೇರೆ. ಅಲ್ಲಿಯ ಬೆಟ್ಟದಲ್ಲಿರುವ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರೂ ಅವನ ಸಾಮಂತರಾದ ಶಿಲಾಹಾರರ ಹೆಸರೂ ಕಾಣಬರುತ್ತವೆ. ಕನ್ನಡಿಗರಿಗೆ ಸಂಬಂಧಿಸಿದ ಈ ಬೆಟ್ಟಸಾಲೇ ನಗರದ ಜಲಮೂಲವೂ ಹೌದು. ವಿಹಾರ, ಪವಯಿ ಕೆರೆಗಳಿಂದ ಉಕ್ಕಿದ ನೀರು ಮಿಠಿ ನದಿಯಾಗಿ ಸುಮಾರು 18 ಕಿಲೋಮೀಟರ್ ಹರಿದು ಮಾಹೀಮಿನ ಖಾಡಿಯನ್ನು ಸೇರುತ್ತದೆ. ಬೆಟ್ಟದಿಂದ ಒಮ್ಮೆಲೆ ಇಳಿಯುವ ನೀರು ಕುರ್ಲಾದಿಂದ ಮುಂದೆ ಚಪ್ಪಟೆಯಾದ ನೆಲದಲ್ಲಿ ವೇಗವನ್ನು ಕಳೆದುಕೊಳ್ಳುತ್ತದೆ. ಅಲ್ಲಿಯೇ ಎದುರಿನಿಂದ ಭರತವೂ ಏರಿಬರುತ್ತದೆ.

ಏರುತಗ್ಗುಗಳ ವಿಚಾರ ಪಂಡಿತರ ಕುತೂಹಲಕ್ಕಷ್ಟೇ ಸೇರಿದುದಲ್ಲವೆಂಬುದನ್ನು 2005ರ ಜುಲೈ 26 ತೋರಿಸಿಕೊಟ್ಟಿತು. ಅಂದು ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ಸುರಿದುದು 75 ಮಿಲಿಮೀಟರಿಗೂ ಕಡಮೆ. ನಗರದ ಹಳೆಯ ಮಳೆನೀರಿನ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಇಳಿತದ ಸಮಯಕ್ಕೆ ಹೊಂದುವಂತೆ ಕಟ್ಟಲಾಗಿತ್ತು. ಅವುಗಳ ಬಾಯಿಗಳು ಬಹುಪಾಲು ಭರತದ ಮಟ್ಟಕ್ಕಿಂತ ಕೆಳಗಿದ್ದುದರಿಂದ, ಕಡಲು ಏರಿದಾಗ ನೀರು ಹೊರಹೋಗುವ ದಾರಿಯೇ ಇರಲಿಲ್ಲ. ಮಿಠಿಯ ಪಾತ್ರವು ಕಟ್ಟಡಗಳಿಂದ ಕಿರಿದಾಗಿತ್ತು. ಅದರ ಅಳಿವೆಯ ಕಾಂಡ್ಲಾಗಿಡಗಳ ಜೌಗು ತುಂಬಿಹೋಗಿತ್ತು. ನೂರಾರು ಮಂದಿ ಪ್ರಾಣವನ್ನು ಕಳೆದುಕೊಂಡರು.

ಆ ಬಳಿಕ ಚರಂಡಿಗಳ ಸಾಮರ್ಥ್ಯವನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸುವ ಕಾರ್ಯಕ್ಕೆ ವೇಗ ಬಂದಿತು. ಹಾಜಿ ಅಲಿ, ಇರ್ಲಾ, ವರಳಿ, ರೇ ರೋಡ್ ಮೊದಲಾದೆಡೆ ಭರತದ ಹೊತ್ತಿನಲ್ಲಿ ಬಾಗಿಲನ್ನು ಮುಚ್ಚಿ ನೀರನ್ನು ಎತ್ತಿ ಕಡಲಿಗೆ ಚೆಲ್ಲುವ ಯಂತ್ರಾಗಾರಗಳು ಬಂದುವು. ಪರೇಲ್ ದಾದರ್‌ಗಳ ನಡುವೆ ತಟ್ಟೆಯಂತೆ ತಗ್ಗಾಗಿರುವ ಹಿಂದ್‌ಮಾತಾದ ನೀರನ್ನು ಹಿಡಿದಿಡಲು ನೆಲದಡಿಯ ತೊಟ್ಟಿಗಳನ್ನು ಕಟ್ಟಿದರು. ಇವುಗಳಿಂದ ನೀರು ನಿಲ್ಲುವ ಅವಧಿ ತಗ್ಗಬಲ್ಲುದು, ನೆಲ ಎತ್ತರವಾಗಲಾರದು. ಇತ್ತ, 2024ರಲ್ಲಿ ಸಂಚಾರಕ್ಕೆ ತೆರೆದ ಕರಾವಳಿ ರಸ್ತೆಯವರೆಗೂ ಕಡಲನ್ನು ತುಂಬುವ ಕಾರ್ಯ ಮುಂದುವರಿದೇ ಇದೆ.

ಗುಡ್ಡದ ಮೇಲಣ ನೆಲ ದುಬಾರಿಯಾದುದು. ತಗ್ಗಿನಲ್ಲಿ ನೆಲಸಿದವರು ಬಹುಮಟ್ಟಿಗೆ ದುಡಿದು ಬದುಕುವ ಜನ. ಕರ್ನಾಟಕದ ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಬಂದವರ ಮನೆ, ಅಂಗಡಿ, ಹೋಟೆಲುಗಳೂ ಅಲ್ಲಿವೆ. ಅವರಿಗೆ ಬೇಕಾದುದು ನಗರದ ಸರಾಸರಿ ಎತ್ತರವಲ್ಲ. ತಮ್ಮ ಹೊಸ್ತಿಲು ಭರತದ ನೀರಿಗಿಂತ ಎಷ್ಟು ಮೇಲಿದೆ, ತಮ್ಮ ಬೀದಿಯ ನೀರು ಯಾವ ಬಾಯಿಯಿಂದ ಕಡಲನ್ನು ಸೇರುತ್ತದೆ ಎಂಬ ತಿಳಿವಳಿಕೆ. ಹಳೆಯ ಏಳು ದ್ವೀಪಗಳ ನಕ್ಷೆಯನ್ನು ಇಂದಿನ ನಕ್ಷೆಯ ಮೇಲಿಟ್ಟು ನೋಡಿದರೆ ಆ ಉತ್ತರದ ಬಹುಭಾಗ ದೊರೆಯುತ್ತದೆ. ಅಂದು ಖಾಡಿಯಿದ್ದ ಅನೇಕ ಕಡೆಗಳಲ್ಲಿಯೇ ಇಂದಿಗೂ ಮಳೆಯ ನೀರು ಮೊದಲು ಬಂದು ನಿಲ್ಲುತ್ತದೆ.